ಜಾಬ್ ಕಾರ್ಡಿಗೆ ಸೇರಿದ ಸಿಗರೇಟು ಪ್ಯಾಕೆಟ್

2023ರ ಜುಲೈ. ಆಗ ನಾನು ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ, ಬ್ಯಾಟರಿಯಿಂದ ನಡೆಯುವ ಸಣ್ಣ ಉಪಕರಣಗಳನ್ನು ರಿಪೇರಿ ಮಾಡುವ ಸರ್ವಿಸ್ ಸೆಂಟರೊಂದರ ಇನ್‌ಚಾರ್ಜ್ ಆಗಿದ್ದೆ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗ ನೋಡಿಕೊಂಡಿದ್ದವಳನ್ನು ಕಂಪನಿಯೇ ಇಲ್ಲಿಗೆ ಕಳಿಸಿತ್ತು. ಬಿಪಿ ನೋಡುವ ಯಂತ್ರ, ಮಕ್ಕಳ ನೆಬ್ಯುಲೈಸರ್, ಗಡ್ಡದ ಟ್ರಿಮ್ಮರ್, ಕಿವುಡರ ಹಿಯರಿಂಗ್ ಏಡ್, ಎಲ್ಲವೂ ನಮ್ಮ ಬೆಂಚಿಗೆ ಬರುತ್ತಿದ್ದವು. ಕೊನೆಕೊನೆಗೆ ವೇಪ್‌ಗಳೂ ಬರತೊಡಗಿದವು.

ವೇಪ್ ಅಂದರೆ ಬೆಂಕಿಯಿಲ್ಲದ ಸಿಗರೇಟು. ಒಳಗೆ ಒಂದು ಪುಟ್ಟ ಟ್ಯಾಂಕು, ಅದರಲ್ಲಿ ನಿಕೋಟಿನ್ ಬೆರೆತ ದ್ರವ. ಟ್ಯಾಂಕಿನ ನಡುವೆ ಹತ್ತಿಯ ಬತ್ತಿ, ಅದಕ್ಕೆ ತಾಗಿದಂತೆ ಕೂದಲಿನಷ್ಟು ಸಣ್ಣ ತಂತಿಯ ಸುರುಳಿ. ಈ ಬತ್ತಿ, ಸುರುಳಿ ಎರಡೂ ಸೇರಿದ್ದನ್ನು ಕಾಯಿಲ್ ಅನ್ನುತ್ತಾರೆ. ಗುಂಡಿ ಒತ್ತಿದರೆ ತಂತಿ ಕಾಯುತ್ತದೆ, ಬತ್ತಿ ಹೀರಿಕೊಂಡ ದ್ರವ ಆವಿಯಾಗುತ್ತದೆ, ಸೇದುವವರು ಸೇದುತ್ತಾರೆ. ದೇವರ ಮನೆಯ ಬತ್ತಿ ಎಣ್ಣೆ ಹೀರುವ ತತ್ತ್ವವೇ ಇದು. ಉದ್ದೇಶ ಮಾತ್ರ ಬೇರೆ. ನನಗೆ ಆ ಸಾಮಾನಿನ ಮೇಲೆ ಯಾವ ಗೌರವವೂ ಇರಲಿಲ್ಲ. ಆದರೆ ಬೆಂಚಿಗೆ ಬಂದ ಮೇಲೆ ಅದೂ ರೋಗಿಯೇ, ನೋಡಲೇಬೇಕು.

ಆ ತಿಂಗಳ ಎರಡನೆಯ ಮಂಗಳವಾರ ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಹೊರಗೆ ರಂಗನಾಥ್ ನಿಂತಿದ್ದರು. ವೆಸ್ಟ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಐಟಿ ಮ್ಯಾನೇಜರ್. ಮನೆ ಲ್ಯಾವಿಂಗ್ಟನ್‌ನಲ್ಲಿ. ಅವರ ಹೆಂಡತಿ ಸಾವಿತ್ರಿ ನನಗೆ ಅವರಿಗಿಂತ ಹೆಚ್ಚು ಪರಿಚಯ. ಯುಗಾದಿಗೆ, ದಸರಾಕ್ಕೆ ನಾವು ನಾಲ್ಕಾರು ಮೈಸೂರು ಕಡೆಯ ಮನೆಯವರು ಸೇರುತ್ತಿದ್ದುದು ಅವರ ಮನೆಯಲ್ಲೇ. ಮೈಸೂರಿನಲ್ಲಿ ಮಗಳ ಬಾಣಂತನವೆಂದು ಗಂಡ ಹೆಂಡತಿ ಫೆಬ್ರವರಿಯಲ್ಲಿ ಹೋದವರು, ಹಿಂದಿನ ಭಾನುವಾರವಷ್ಟೇ ವಾಪಸಾಗಿದ್ದರು. ರಜೆ ಸ್ವಲ್ಪ, ಅಲ್ಲಿಂದಲೇ ಕೆಲಸ ಸ್ವಲ್ಪ ಅಂತ ರಂಗನಾಥ್ ಐದು ತಿಂಗಳು ಕಳೆದಿದ್ದರು.

ಜುಲೈಯಲ್ಲಿ ನೈರೋಬಿ ಚಳಿ ಹಿಡಿಸುತ್ತದೆ. ಅವರು ದಪ್ಪ ಉಣ್ಣೆಯ ಬ್ಲೇಜರ್ ಹಾಕಿಕೊಂಡಿದ್ದರು. ಎಡಗೈಯಿಂದ ಒಂದು ವೇಪನ್ನೂ ಬಲಗೈಯಿಂದ ಒಂದು ಸಿಗರೇಟು ಪ್ಯಾಕೆಟ್ಟನ್ನೂ ತೆಗೆದು ಕೌಂಟರ್ ಮೇಲೆ ಇಟ್ಟರು. ಪ್ಯಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ ಇನ್ನೂ ಒಡೆದಿರಲಿಲ್ಲ.

"ವಿಜಯಾ ಮೇಡಂ, ಇದನ್ನ ಇವತ್ತೇ ಸರಿ ಮಾಡ್ಕೊಡಿ. ಆಫೀಸಲ್ಲಿ ಈ ವಾರ ಸಿಸ್ಟಮ್ ಬದಲಾಯಿಸ್ತಿದ್ದಾರೆ, ತಲೆ ಕೆಟ್ಟುಹೋಗಿದೆ. ಇದು ಆಗ್ಲಿಲ್ಲಾಂದ್ರೆ ಸಂಜೆಗೆ ಆ ಪ್ಯಾಕೆಟ್ ಒಡೀತೀನಿ ಅಷ್ಟೇ" ಎಂದರು.

ಇಪ್ಪತ್ತೈದು ವರ್ಷ ಸಿಗರೇಟು ಸೇದಿದ ಮನುಷ್ಯ. ಎರಡು ವರ್ಷದ ಹಿಂದೆ ಅದನ್ನು ಬಿಟ್ಟು ವೇಪ್ ಹಿಡಿದಿದ್ದರು. ಭಾರತದಲ್ಲಿ ವೇಪ್ ನಿಷೇಧ, ಹಾಗಾಗಿ ಊರಿಗೆ ಒಯ್ಯುವಂತಿರಲಿಲ್ಲ. ಹೊರಡುವ ಮುಂಚೆ ಅದನ್ನೂ ಬಿಟ್ಟೆ, ಕಸದ ಬುಟ್ಟಿಗೆ ಹಾಕಿದೆ ಎಂದು ಹೆಂಡತಿಗೆ ಹೇಳಿದ್ದರಂತೆ. ಬಿಟ್ಟಿದ್ದೇನೋ ನಿಜ. ಐದು ತಿಂಗಳು ಮೈಸೂರಿನಲ್ಲಿ ಸಿಗರೇಟೂ ಇಲ್ಲ, ವೇಪೂ ಇಲ್ಲ. ಮನೆಯಲ್ಲಿ ಎಳೆಗೂಸು, ಬೀಗಿತ್ತಿಯ ಮೂಗೋ ಪೊಲೀಸ್ ನಾಯಿಯದು. ಕಸದ ಬುಟ್ಟಿಗೆ ಹಾಕಿದ್ದು ಮಾತ್ರ ಸುಳ್ಳು. ನೈರೋಬಿಗೆ ಬಂದು ಸೋಮವಾರ ಆಫೀಸಿನ ಕುರ್ಚಿಯಲ್ಲಿ ಕೂರುತ್ತಲೇ ಹಳೆಯ ಚಟ ಹೆಗಲ ಮೇಲೆ ಕೈಹಾಕಿತ್ತು. ಮನೆಗೆ ಹೋಗಿ ಬಚ್ಚಿಟ್ಟಿದ್ದನ್ನು ತೆಗೆದು ನೋಡಿದರೆ ಅದು ಕೆಲಸ ಮಾಡುತ್ತಿಲ್ಲ.

"ಸಾವಿತ್ರಿಗೆ ಹೇಳ್ಬೇಡಿ" ಎಂದು ದನಿ ತಗ್ಗಿಸಿದರು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿ ಏನು ತಂದರೂ, ಉಪಕರಣದ ಜೊತೆ ಚಾರ್ಜರ್ ಇರಲಿ, ಚೀಲ ಇರಲಿ, ಎಲ್ಲವನ್ನೂ ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳಬೇಕು. ಕೆಲಸ ಮುಗಿದು ಕಾರ್ಡ್ ಮುಚ್ಚುವವರೆಗೆ ಯಾವುದನ್ನೂ ವಾಪಸ್ ಕೊಡುವಂತಿಲ್ಲ. ಈ ಪದ್ಧತಿ ತಂದವಳು ನಾನೇ. ಕಾರ್ಡ್ ತೆಗೆದು ಬರೆದೆ: ವೇಪ್ ಒಂದು, ದ್ರವದ ಬಾಟಲಿ ಇಲ್ಲ, ಚಾರ್ಜರ್ ಇಲ್ಲ. ಆಮೇಲೆ ಕೆಳಗಿನ ಸಾಲಿನಲ್ಲಿ ಬರೆದೆ: ಸಿಗರೇಟು ಪ್ಯಾಕೆಟ್ ಒಂದು, ಸೀಲ್ ಒಡೆದಿಲ್ಲ. ಎರಡನ್ನೂ ಟ್ರೇಯಲ್ಲಿ ಇಟ್ಟೆ.

"ಅದನ್ಯಾಕೆ ಬರ್ಕೊಂಡ್ರಿ?"

"ಕೌಂಟರ್ ಮೇಲೆ ಇಟ್ರಲ್ಲ. ಇಟ್ಟಿದ್ದೆಲ್ಲ ಬರ್ಕೋಬೇಕು, ರೂಲು. ಸೈನ್ ಮಾಡಿ."

ಮಾಡಿದರು. ಆಫೀಸಿಗೆ ಅರ್ಧ ದಿನದ ರಜೆ ಹೇಳಿ, ಬ್ಲೇಜರ್ ಬಿಚ್ಚಿ ನಮ್ಮ ಬೆಂಚಿನ ಪಕ್ಕದ ಕುರ್ಚಿಯ ಬೆನ್ನಿಗೆ ಹಾಕಿ, ಹೀಟರಿನ ಹತ್ತಿರ ಲ್ಯಾಪ್‌ಟಾಪ್ ತೆರೆದು ಕೂತರು. ಐದು ನಿಮಿಷಕ್ಕೊಮ್ಮೆ ಟ್ರೇಯ ಕಡೆ ನೋಡುತ್ತಿದ್ದರು. ವೇಪನ್ನು ನೋಡುತ್ತಿದ್ದರೋ ಪ್ಯಾಕೆಟ್ಟನ್ನೋ, ಹೇಳುವುದು ಕಷ್ಟ.

ಬೆಂಚಿನಲ್ಲಿ ನನ್ನ ಜೊತೆ ಒಟಿಯೆನೋ ಇದ್ದರು. ನಲವತ್ತು ದಾಟಿದ ಅನುಭವಸ್ಥ ಟೆಕ್ನಿಷಿಯನ್, ಕೈ ಎಷ್ಟು ಶುದ್ಧವೋ ಮಾತು ಅಷ್ಟು ಕಡಿಮೆ. "ಮೊದಲು ಅಳೆ, ಆಮೇಲೆ ಕೇಳು" ಎಂದು ಅವರಿಗೆ ಹೇಳಿಕೊಟ್ಟವಳು ನಾನು. ಗಿರಾಕಿ ಹೇಳುವ ಪುರಾಣದಲ್ಲಿ ಅರ್ಧ ಸುಳ್ಳು, ಮೀಟರ್ ಸುಳ್ಳು ಹೇಳುವುದಿಲ್ಲ ಎನ್ನುವುದು ನನ್ನ ಹಮ್ಮು.

ಮೊದಲು ಬ್ಯಾಟರಿ. ಐದು ತಿಂಗಳು ಸುಮ್ಮನೆ ಬಿದ್ದ ಲಿಥಿಯಂ ಬ್ಯಾಟರಿ ತೀರಾ ಇಳಿದುಹೋಗಿದ್ದರೆ ಅದನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯ, ಎಸೆಯಬೇಕು. ಇದು 3.2 ವೋಲ್ಟ್ ತೋರಿಸಿತು, ಜೀವ ಇತ್ತು. ನಿಧಾನವಾಗಿ ಚಾರ್ಜ್ ಏರಿಸಿದೆವು. ಆದರೂ ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದೇ ದೂರು: ಕಾಯಿಲ್ ಸಿಗುತ್ತಿಲ್ಲ. ಬಿಚ್ಚಿ ನೋಡಿದರೆ ಟ್ಯಾಂಕಿನಿಂದ ಸೋರಿದ ದ್ರವ ಕೆಳಗಿನ ಸಂಪರ್ಕದ ಪಿನ್ನಿನ ಮೇಲೆ ಒಣಗಿ, ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ವಿದ್ಯುತ್ ಕಾಯಿಲ್‌ವರೆಗೆ ಹೋಗುತ್ತಲೇ ಇರಲಿಲ್ಲ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಟಿಯೆನೋ ಅದನ್ನು ಒರೆಸಿ ತೆಗೆದರು. ಮೀಟರ್ 0.8 ಓಮ್ ತೋರಿಸಿತು. ಕಾಯಿಲ್ ಮೇಲೆ ಬರೆದಿದ್ದೂ ಅಷ್ಟೇ. ಹಳೆಯ ದ್ರವ ಚೆಲ್ಲಿ, ಟ್ಯಾಂಕ್ ತೊಳೆದು, ಮಾವಿನಹಣ್ಣಿನ ಫ್ಲೇವರ್ ಎಂದು ಹೇಳಿ ನಮ್ಮಲ್ಲಿದ್ದ ಹೊಸ ದ್ರವ ತುಂಬಿದೆವು. ಹತ್ತೂವರೆಗೆ ಪರದೆ ಸರಿಯಾಯಿತು. ಇಷ್ಟು ಸುಲಭದ ಕೆಲಸವೇ ಎಂದು ನಾನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ರಂಗನಾಥ್ ಹಸಿದ ಮಗುವಿನ ಹಾಗೆ ಕೈಚಾಚಿ ತೆಗೆದುಕೊಂಡರು. ಬಾಗಿಲ ಹೊರಗೆ ಹೋಗಿ ಒಂದು ದಮ್ ಎಳೆದರು. ಎಳೆದವರೇ ಕೆಮ್ಮುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಒಳಗೆ ಬಂದರು.

"ಥೂ! ಏನ್ ಹಾಕಿದೀರಾ ಇದಕ್ಕೆ? ಮಾವಿನಹಣ್ಣು ಫ್ಲೇವರ್ ಅಂದ್ರಲ್ಲ!"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇದು ಬಾಯಿಗೂ ಬಂದು ಹೋದ ತುತ್ತು. ನಮ್ಮಲ್ಲಿ ಯಾರೂ ವೇಪನ್ನು ಬಾಯಲ್ಲಿಟ್ಟು ಪರೀಕ್ಷಿಸುವಂತಿರಲಿಲ್ಲ, ಅದೂ ರೂಲೇ. ದೊಡ್ಡ ಸಿರಿಂಜಿನಿಂದ ಆವಿ ಎಳೆದು, ಗಾಜಿನ ಜಾಡಿಗೆ ಬಿಟ್ಟು, ದೂರದಿಂದ ಕೈಬೀಸಿ ವಾಸನೆ ನೋಡುತ್ತಿದ್ದೆವು. ಒಟಿಯೆನೋ ಮೂಸಿದರು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಮೂಸಿದರು.

"ಮೇಡಂ, ಇದು ಹೋಟೆಲಿನ ಗಂಡಸರ ಟಾಯ್ಲೆಟ್ಟಿನ ವಾಸನೆ" ಎಂದು ಇಂಗ್ಲಿಷಿನಲ್ಲಿ, ಗಂಭೀರವಾಗಿ ಹೇಳಿದರು. ಆಮೇಲೆ ರಂಗನಾಥ್ ಕಡೆ ತಿರುಗಿ "ಪೋಲೆ ಸಾನಾ" ಎಂದು ಕ್ಷಮೆ ಕೇಳಿದರು.

ರಂಗನಾಥ್ ಮುಖ ಕೆಂಪಾಯಿತು. "ನಾನು ಅಂಥ ಕಡೆಯೆಲ್ಲ ಇದನ್ನ ಇಟ್ಟಿಲ್ಲ, ಹೇಳಿ ಅವರಿಗೆ!"

ಆಗಲೇ ನಾನು ಕೇಳಬೇಕಿತ್ತು, ಹಾಗಾದರೆ ಎಲ್ಲಿಟ್ಟಿದ್ದಿರಿ ಎಂದು. ಕೇಳಲಿಲ್ಲ. ಮೀಟರಿನ ಮೇಲೆ ಅಷ್ಟು ನಂಬಿಕೆ. ನನಗೆ ಅವತ್ತು ಮೂಗು ಕಟ್ಟಿತ್ತು ಬೇರೆ, ನೈರೋಬಿ ಚಳಿಯ ವಾರ್ಷಿಕ ನೆಗಡಿ. ಹಳೆಯ ಬತ್ತಿ ಕೆಟ್ಟಿರಬೇಕು ಎಂದು ಹೊಸ ಕಾಯಿಲ್ ಹಾಕಿಸಿದೆ. ಜಾಡಿಯಲ್ಲಿ ಮತ್ತದೇ ವಾಸನೆ. ದ್ರವದ ಬಾಟಲಿ ಕೆಟ್ಟಿರಬಹುದೆಂದು ಬೇರೆ ಬಾಟಲಿ ಒಡೆದೆವು. ಮತ್ತದೇ. ಟ್ಯಾಂಕನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದೆವು. ಹನ್ನೆರಡೂವರೆಯಾಯಿತು, ಬೆಂಚಿನ ಮೇಲೆ ಬಿಚ್ಚಿದ ಭಾಗಗಳು ಹರಡಿಕೊಂಡಿದ್ದವು, ಅಳೆಯಬಹುದಾದದ್ದೆಲ್ಲ ಸರಿಯಾಗಿಯೇ ಇತ್ತು. ವಾಸನೆಗೆ ಮೀಟರ್ ಇಲ್ಲವಲ್ಲ.

ರಂಗನಾಥ್ ಲ್ಯಾಪ್‌ಟಾಪ್ ಮುಚ್ಚಿ ಎದ್ದರು. "ಆಗಲ್ಲ ಬಿಡಿ ಮೇಡಂ. ನನ್ನ ಪ್ಯಾಕೆಟ್ ಕೊಡಿ, ಹೋಗ್ತೀನಿ."

ದನಿಯಲ್ಲಿ ಕೋಪ ಇರಲಿಲ್ಲ, ಸೋಲಿತ್ತು. ನಾನು ಸಿಗರೇಟು ಮುಟ್ಟಿದವಳಲ್ಲ, ಆ ಹಂಬಲ ಹೇಗಿರುತ್ತದೋ ತಿಳಿಯದು. ಆದರೆ ಎರಡು ವರ್ಷ ಸಿಗರೇಟನ್ನೂ ಐದು ತಿಂಗಳು ಎಲ್ಲವನ್ನೂ ಬಿಟ್ಟಿದ್ದ ಮನುಷ್ಯ ನಮ್ಮ ಬೆಂಚಿನಿಂದ ಎದ್ದು ಹೋಗಿ ಪ್ಯಾಕೆಟ್ ಒಡೆದರೆ ಅದರಲ್ಲಿ ನನ್ನ ಪಾಲೂ ಇರುತ್ತದೆ ಅನ್ನಿಸಿತು. ಬೇರೇನೂ ತೋಚದೆ ರೂಲನ್ನೇ ಹಿಡಿದುಕೊಂಡೆ.

"ಕೊಡೋ ಹಾಗಿಲ್ಲ. ಕಾರ್ಡ್ ಮುಚ್ಚಿಲ್ಲ."

"ನನ್ನ ಸಾಮಾನು ನನಗೆ ಕೊಡಲ್ಲಾ ಅಂದ್ರೆ?"

"ನೀವೇ ಸೈನ್ ಮಾಡಿದೀರಿ. ಕೂತ್ಕೊಳಿ, ಟೀ ಕುಡೀರಿ."

ಒಟಿಯೆನೋ ಒಲೆಯ ಮೇಲೆ ಟೀ ಇಟ್ಟಿದ್ದರು. ಹಾಲು, ಸಕ್ಕರೆ ಒಟ್ಟಿಗೇ ಕುದಿಸಿದ ಇಲ್ಲಿನ ಟೀ. ಶುಂಠಿ ಜಜ್ಜಿ ಹಾಕು ಎಂದು ನಾನು ಕಲಿಸಿದ್ದೆ. ಒಂದು ದೊಡ್ಡ ಲೋಟ ಬಿಸಿಬಿಸಿ ಕುಡಿದ ಮೇಲೆ ನನ್ನ ಮೂಗು ಬಿಟ್ಟುಕೊಂಡಿತು. ರಂಗನಾಥ್‌ಗೆ ಲೋಟ ಕೊಡಲು ಅವರ ಕುರ್ಚಿಯ ಬಳಿ ಬಗ್ಗಿದೆ. ಬಗ್ಗಿದವಳು ಹಾಗೇ ನಿಂತೆ.

ಹೀಟರಿನ ಶಾಖಕ್ಕೆ ಬಿಸಿಯಾಗಿದ್ದ ಆ ಬ್ಲೇಜರಿನಿಂದ ನಮ್ಮಮ್ಮನ ರೇಷ್ಮೆ ಸೀರೆಯ ಟ್ರಂಕು ತೆರೆದಂತೆ ವಾಸನೆ ಬರುತ್ತಿತ್ತು.

ನುಸಿಗುಳಿಗೆ! ಒಟಿಯೆನೋ ತಪ್ಪು ಹೇಳಿರಲಿಲ್ಲ. ಹೋಟೆಲುಗಳ ಟಾಯ್ಲೆಟ್ಟಿನಲ್ಲಿ ಹಾಕುವುದೂ ಅದೇ ಬಿಳಿ ಗುಳಿಗೆ. ಅವರಿಗೆ ಅದು ಟಾಯ್ಲೆಟ್ಟಿನ ನೆನಪು, ನನಗೆ ಅಮ್ಮನ ಸೀರೆಯ ನೆನಪು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಬೆಳಗಿನಿಂದ ಆ ಬ್ಲೇಜರನ್ನು ಪಕ್ಕದಲ್ಲೇ ಇಟ್ಟುಕೊಂಡು ನಾವು ಕಾಯಿಲ್ ಬದಲಾಯಿಸುತ್ತಿದ್ದೆವು.

"ರಂಗನಾಥ್ ಅವರೇ, ಐದು ತಿಂಗಳು ಈ ವೇಪ್ ಎಲ್ಲಿತ್ತು?"

ಅವರು ಒಮ್ಮೆ ಬಾಗಿಲ ಕಡೆ ನೋಡಿದರು, ಸಾವಿತ್ರಿ ಅಲ್ಲಿ ನಿಂತಿದ್ದಾರೇನೋ ಎಂಬಂತೆ. "ಇದೇ ಬ್ಲೇಜರ್ ಒಳಜೇಬಲ್ಲಿ. ಹೊರಡೋ ಹಿಂದಿನ ದಿನ ಇಟ್ಟಿದ್ದೆ. ಮೈಸೂರಿಗೆ ಬ್ಲೇಜರ್ ಯಾರು ತಗೊಂಡ್ಹೋಗ್ತಾರೆ? ಬೀರುವಲ್ಲೇ ಇರುತ್ತೆ, ಯಾರೂ ಮುಟ್ಟಲ್ಲ ಅಂತ."

"ಒಳಜೇಬು ನೋಡಬಹುದಾ?"

ಅವರೇ ಕೈಹಾಕಿದರು. ಜೇಬಿನ ತಳದಿಂದ ಒಂದು ಪುಟ್ಟ ಗಂಟು ಬಂತು. ಹಳೆಯ ಹತ್ತಿ ಸೀರೆಯ ತುಂಡು, ಕೆಂಪು ಅಂಚು, ಬಿಳಿ ದಾರದಿಂದ ಅಚ್ಚುಕಟ್ಟಾಗಿ ಕಟ್ಟಿದ್ದು. ಬಿಚ್ಚಿದರೆ ಒಳಗೆ ಕಡಲೆಕಾಳಿನಷ್ಟಕ್ಕೆ ಸವೆದ ನಾಲ್ಕು ನುಸಿಗುಳಿಗೆ. "ಕರ್ಚೀಫು ಇರಬೇಕು ಅಂದ್ಕೊಂಡಿದ್ದೆ" ಎಂದರು. ಹಿಂದಿನ ಸಂಜೆ ಸಾವಿತ್ರಿ ಅಡುಗೆಮನೆಯಲ್ಲಿದ್ದಾಗ ಅವಸರದಲ್ಲಿ ವೇಪನ್ನಷ್ಟೇ ಎಳೆದುಕೊಂಡಿದ್ದರಂತೆ.

ಇಲ್ಲಿ ಸ್ವಲ್ಪ ವಿವರಿಸಬೇಕು. ಬಹಳ ದಿನಕ್ಕೆ ಮನೆ ಬೀಗ ಹಾಕುವಾಗ ಉಣ್ಣೆ, ರೇಷ್ಮೆ ಬಟ್ಟೆಗೆ ಹುಳು ಹಿಡಿಯದಿರಲಿ ಎಂದು ನಮ್ಮ ಹೆಂಗಸರು ನುಸಿಗುಳಿಗೆ ಇಡುತ್ತಾರೆ. ಬಟ್ಟೆಗೆ ಕಲೆಯಾಗದಂತೆ ಹೀಗೆ ಗಂಟು ಕಟ್ಟಿ ಇಡುತ್ತಾರೆ. ಅದು ನ್ಯಾಫ್ತಲೀನ್. ಕರಗಿ ನೀರಾಗುವುದಿಲ್ಲ, ನೇರವಾಗಿ ಆವಿಯಾಗುತ್ತದೆ. ಆ ಇಕ್ಕಟ್ಟಾದ ಜೇಬಿನಲ್ಲಿ ಐದು ತಿಂಗಳು ಅದರ ಆವಿಯನ್ನೆಲ್ಲ ವೇಪಿನ ರಬ್ಬರ್ ರಿಂಗುಗಳು, ಸೇದುವ ತುದಿಯ ಪ್ಲಾಸ್ಟಿಕ್ ಬಾಯಿ ಹೀರಿಕೊಂಡಿದ್ದವು. ಕಾಯಿಲ್ ಬದಲಾಯಿಸಿದರೂ ರಿಂಗುಗಳು ಹಳೆಯವೇ ಇದ್ದುದರಿಂದ ವಾಸನೆ ಹೋಗಿರಲಿಲ್ಲ. ಅಂದರೆ ಯಜಮಾನರು ಸೇದುವುದನ್ನು ಬಿಟ್ಟಿದ್ದ ಅಷ್ಟೂ ದಿನ ವೇಪು ತಾನೇ ಜೇಬಿನಲ್ಲಿ ಕೂತು ನುಸಿಗುಳಿಗೆ ಸೇದುತ್ತಿತ್ತು. ಈ ಆವಿ ಮನುಷ್ಯರ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆ ಭಾಗಗಳನ್ನೆಲ್ಲ ಎಸೆದು ಹೊಸದು ಹಾಕದೆ ಅದನ್ನು ವಾಪಸ್ ಕೊಡುವ ಪ್ರಶ್ನೆಯೇ ಇರಲಿಲ್ಲ.

ಇದನ್ನೆಲ್ಲ ರಂಗನಾಥ್‌ಗೆ ವಿವರಿಸಿದೆ. ರಿಂಗು, ಬಾಯಿ ಸ್ಟಾಕ್ ಇಲ್ಲ, ಗುರುವಾರ ಬರುತ್ತೆ ಎಂದೆ. ಅವರು ತಲೆಯಾಡಿಸುತ್ತಲೇ ಇದ್ದರು. ಒಟಿಯೆನೋ ಮಾತ್ರ ಆ ಗಂಟನ್ನೇ ನೋಡುತ್ತಿದ್ದವರು, ಮೆಲ್ಲಗೆ ನನ್ನನ್ನು ಕೇಳಿದರು: "ಮೇಡಂ, ಇದನ್ನು ಜೇಬಿನಲ್ಲಿ ಇಟ್ಟಿದ್ದು ಯಾರು?"

ನಾನು ರಂಗನಾಥ್ ಕಡೆ ತಿರುಗಿದೆ. "ವೇಪ್ ಇಟ್ಟಿದ್ದು ಇದೇ ಜೇಬಲ್ಲಾ?"

"ಇದೇ."

"ಗುಳಿಗೆ ಗಂಟು ಇಟ್ಟಿದ್ದು ನೀವಾ?"

"ನಾನ್ಯಾಕೆ ಇಡ್ಲಿ? ಅದೆಲ್ಲ ಸಾವಿತ್ರಿ..."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿತ್ತು. ಐದು ತಿಂಗಳು ತಡವಾಗಿ ಈಗ ಕಣ್ಣು ತೆರೆಯಿತು. ರಂಗನಾಥ್ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಒಟಿಯೆನೋ ಸೌಜನ್ಯಕ್ಕೆಂದು ಗೋಡೆಯ ಕಡೆ ಮುಖ ಮಾಡಿದರು, ಆದರೆ ಅವರ ಭುಜ ಕುಲುಕುತ್ತಿತ್ತು.

ರಂಗನಾಥ್ ಫೋನ್ ತೆಗೆದರು. ಕೈತಪ್ಪಿ ಸ್ಪೀಕರ್ ಒತ್ತಿದರೋ, ಬೇಕೆಂದೇ ಒತ್ತಿದರೋ, ನಮಗೆಲ್ಲ ಕೇಳಿಸಿತು.

"ಸಾವಿತ್ರೀ, ನನ್ನ ಬ್ಲೇಜರ್ ಜೇಬಿಗೆ ನುಸಿಗುಳಿಗೆ ಹಾಕಿದ್ದು ನೀನಾ?"

"ಹೂಂ ರೀ. ಜೇಬಲ್ಲಿ ಏನೋ ಭದ್ರವಾಗಿ ಎತ್ತಿಟ್ಟಿದ್ರಲ್ಲ, ಅದಕ್ಕೂ ನುಸಿ ಹಿಡೀಬಾರ್ದು ಅಂತ ಎರಡು ಜಾಸ್ತಿನೇ ಹಾಕ್ದೆ."

ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ಇಟ್ಟುಕೊಂಡೆ. ರಂಗನಾಥ್ ನಗಲಿಲ್ಲ.

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಬೇರೆ ಕಡೆ ಬಚ್ಚಿಡ್ತಿದ್ರಿ. ಐದು ತಿಂಗಳು ಮೊಮ್ಮಗಳನ್ನ ಎದೆ ಮೇಲೆ ಮಲಗಿಸ್ಕೊಂಡ್ರಲ್ಲ, ಒಂದ್ ದಿನಾನೂ ಸೇದಲಿಲ್ಲ. ನನ್ನ ಹತ್ರ ಸುಳ್ಳು ಹೇಳಿದ್ರೂ ಆ ಮಗು ಹತ್ರ ಹೇಳ್ಲಿಲ್ಲ. ಸಾಕು ಅಂತ ಸುಮ್ಮನಿದ್ದೆ. ಎಲ್ಲಿದೀರಾ? ಊಟಕ್ಕೆ ಬರ್ತೀರಾ?"

"ಬರ್ತೀನಿ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಫೋನ್ ಇಟ್ಟು, ಬ್ಲೇಜರ್ ಹಾಕಿಕೊಂಡರು. ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿ ಅದೇ ಜೇಬಿಗೆ ಹಾಕಿಕೊಂಡರು. ಟ್ರೇಯ ಕಡೆ ಒಮ್ಮೆ ನೋಡಿದರು. ಈಗ ಕೇಳಿದರೆ ಪ್ಯಾಕೆಟ್ ಕೊಡದೆ ವಿಧಿಯಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ದೊಡ್ಡ ಮನುಷ್ಯ, ಎಷ್ಟು ಹೊತ್ತೆಂದು ರೂಲು ತೋರಿಸಲಿ?

"ಕಾರ್ಡ್ ಮುಚ್ಚಿಲ್ಲ ಅಲ್ವಾ ಮೇಡಂ?" ಎಂದರು.

"ಇಲ್ಲ."

"ಮುಚ್ಚಬೇಡಿ. ಇರ್ಲಿ" ಎಂದು ಹೇಳಿ ಹೊರಟುಹೋದರು.

ಗುರುವಾರ ಬಿಡಿಭಾಗ ಬಂತು. ಒಟಿಯೆನೋ ಹೊಸ ರಿಂಗು, ಹೊಸ ಬಾಯಿ ಹಾಕಿ ಪರೀಕ್ಷಿಸಿದರು. ಜಾಡಿಯಲ್ಲಿ ಅಪ್ಪಟ ಮಾವಿನಹಣ್ಣಿನ ವಾಸನೆ. ರಿಪೇರಿಯಾಗಿದೆ ಎಂದು ಮೆಸೇಜ್ ಕಳಿಸಿದೆವು. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಆಗಸ್ಟಿನಲ್ಲಿ ಇನ್ನೊಂದು ಕಳಿಸಿದೆವು. ಆಗಲೂ ಅಷ್ಟೇ. ನಮ್ಮಲ್ಲಿ ತೊಂಬತ್ತು ದಿನದೊಳಗೆ ಯಾರೂ ಒಯ್ಯದ ಸಾಮಾನನ್ನು ವಿಲೇವಾರಿ ಮಾಡುವ ಪದ್ಧತಿ. ಚೆನ್ನಾಗಿ ಕೆಲಸ ಮಾಡುವ ವೇಪು, ಅದರ ಪಕ್ಕದಲ್ಲಿ ಸೀಲ್ ಒಡೆಯದ ಪ್ಯಾಕೆಟ್ಟು, ಎರಡೂ ಕಪಾಟಿನಲ್ಲಿ ಜೋಡಿಯಾಗಿ ಕೂತಿದ್ದವು. ನಾನು ದಿನಾ ಬೆಳಗ್ಗೆ ಬಂದ ಕೂಡಲೇ ಅವೆರಡೂ ಇವೆಯೇ ಎಂದು ನೋಡುತ್ತಿದ್ದೆ. ಮಾಡಿದ ರಿಪೇರಿಯನ್ನು ಗಿರಾಕಿ ಒಯ್ಯದಿರಲಿ ಎಂದು ನಾನು ಬಯಸಿದ್ದು ಇಡೀ ವೃತ್ತಿಯಲ್ಲಿ ಅದೊಂದೇ ಸಲ.

ಆ ಪ್ರಕರಣದ ನಂತರ ನಮ್ಮ ಜಾಬ್ ಕಾರ್ಡಿನಲ್ಲಿ ಎರಡು ಸಾಲು ಹೆಚ್ಚಾದವು. ಬಹಳ ದಿನದ ಮೇಲೆ ತೆಗೆದ ಉಪಕರಣವಾದರೆ, ಇಷ್ಟು ದಿನ ಎಲ್ಲಿಟ್ಟಿದ್ದಿರಿ? ಎತ್ತಿಟ್ಟವರು ಯಾರು? ನೆಬ್ಯುಲೈಸರನ್ನು ಸಾಂಬಾರ್ ಪುಡಿಯ ಡಬ್ಬದ ಪಕ್ಕದಲ್ಲಿ, ಹಿಯರಿಂಗ್ ಏಡನ್ನು ಕುಂಕುಮದ ಭರಣಿಯಲ್ಲಿ ಇಟ್ಟ ಕಥೆಗಳೆಲ್ಲ ಆ ಎರಡು ಸಾಲಿನಿಂದ ಹೊರಬಂದವು. ಒಟಿಯೆನೋಗೆ ಕೊಟ್ಟಿದ್ದ ಪಾಠವನ್ನು ನಾನೇ ತಿದ್ದಿಕೊಂಡೆ: ಮೊದಲು ಕೇಳು, ಆಮೇಲೆ ಅಳೆ. ಮೀಟರ್ ಸುಳ್ಳು ಹೇಳುವುದಿಲ್ಲ, ಒಪ್ಪಿದೆ. ಆದರೆ ಕೇಳದ ಪ್ರಶ್ನೆಗೆ ಅದು ಉತ್ತರವನ್ನೂ ಹೇಳುವುದಿಲ್ಲ.

ಅಕ್ಟೋಬರಿನಲ್ಲಿ ತೊಂಬತ್ತು ದಿನ ತುಂಬಿತು. ಅದೇ ವಾರ ಸಾವಿತ್ರಿ ದಸರಾ ಗೊಂಬೆಯ ಅರಿಶಿನ ಕುಂಕುಮಕ್ಕೆ ಕರೆಯಲು ಅಂಗಡಿಗೇ ಬಂದರು. ನಾನು ಕಪಾಟಿನಿಂದ ಟ್ರೇ ತೆಗೆದು ಅವರ ಮುಂದಿಟ್ಟೆ. ಇವತ್ತು ಇವೆರಡನ್ನೂ ಎಸೀತೀವಿ, ಬೇಕಾದ್ರೆ ತಗೊಂಡ್ಹೋಗಿ ಎಂದೆ.

ಅವರು ವೇಪನ್ನು ಮುಟ್ಟಲಿಲ್ಲ. ಪ್ಯಾಕೆಟ್ಟನ್ನು ಎತ್ತಿ, ತಿರುಗಿಸಿ, ಸೀಲನ್ನು ಬೆರಳಿನಿಂದ ಸವರಿ ನೋಡಿ ಕೆಳಗಿಟ್ಟರು. ಆಮೇಲೆ ಜಾಬ್ ಕಾರ್ಡನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ನನ್ನ ಅಕ್ಷರದಲ್ಲಿದ್ದ 'ಸೀಲ್ ಒಡೆದಿಲ್ಲ' ಎಂಬ ಸಾಲನ್ನು ಓದಿದರು.

"ವಿಜಯಕ್ಕ, ಅವೆರಡನ್ನೂ ಎಸೀರಿ" ಎಂದರು. "ಈ ಕಾರ್ಡ್ ನನಗೆ ಕೊಡ್ತೀರಾ?"

ಕಚೇರಿಯ ದಾಖಲೆ, ಕೊಡುವಂತಿಲ್ಲ. ಅದೂ ನಾನೇ ಮಾಡಿದ ರೂಲು. ಕಾರ್ಡಿನ ಕೊನೆಯಲ್ಲಿ 'ಮುಕ್ತಾಯ' ಎಂದು ಬರೆದು, ದಿನಾಂಕ ಹಾಕಿ, ಅವರ ಕೈಗೆ ಕೊಟ್ಟೆ.